ಒಂದು ಅಕ್ಷರಕ್ಕೆ ಹೋದ ಹಾಡುಗಳು

ಇವತ್ತು ಬೆಳಿಗ್ಗೆ ಕಂಪ್ಯೂಟರಿನ ಕೀಲಿಮಣೆ ಒರೆಸುತ್ತಿದ್ದೆ. ನೋಡುತ್ತೇನೆ, ಮೇಲ್ಮುಖದ ಬಾಣದ ಗುರುತು ಪೂರಾ ಸವೆದುಹೋಗಿದೆ. ನನ್ನ ಸೋಮಾರಿತನಕ್ಕೆ ಬೇರೆ ಸಾಕ್ಷಿ ಬೇಡ. ಒಮ್ಮೆ ಬರೆದ ಆಜ್ಞೆಯನ್ನು ಮತ್ತೆ ಬರೆಯುವವನಲ್ಲ ನಾನು; ಬಾಣ ಒತ್ತಿ ಹಳೆಯದನ್ನೇ ಕರೆಯುತ್ತೇನೆ.

ಈ ಚಟ ಹತ್ತಿಸಿದವರು ಸೊಲ್ಲಾಪುರದ ಕಚೇರಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ, ಹೋಟಗಿಯಿಂದ ರೈಲಿನಲ್ಲಿ ಬರುತ್ತಿದ್ದ ಮೇಡಂ. ಆಜ್ಞೆ ಬರೆದು ಕಂಪ್ಯೂಟರ್ ನಡೆಸುವ ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಒಂದಕ್ಷರ ತಪ್ಪಿದರೂ ನಾನು ಇಡೀ ಸಾಲನ್ನು ಮತ್ತೆ ಬರೆಯುತ್ತಿದ್ದೆ.

"ಅಯ್ಯ, ತಪ್ಪಿದ್ದಷ್ಟ ತಿದ್ರಿ!" ಎಂದರು ಮೇಡಂ.

ಅವರು ಕಲಿಸಿದ್ದು ಇಷ್ಟು: ಎರಡು ಆಶ್ಚರ್ಯಚಿಹ್ನೆ ಬರೆದರೆ ಹಿಂದಿನ ಆಜ್ಞೆ ಮತ್ತೆ ನಡೆಯುತ್ತದೆ. ಟೋಪಿಯಂತಿರುವ ‘^’ ಚಿಹ್ನೆ, ತಪ್ಪು ಪದ, ಮತ್ತೊಂದು ಟೋಪಿ, ಸರಿ ಪದ ಬರೆದರೆ ತಿದ್ದಿಕೊಂಡು ನಡೆಯುತ್ತದೆ. ಒಂದೇ ಆಶ್ಚರ್ಯಚಿಹ್ನೆಯ ಮುಂದೆ ಒಂದಕ್ಷರ ಬರೆದರೆ, ಆ ಅಕ್ಷರದಿಂದ ಶುರುವಾಗುವ ಇತ್ತೀಚಿನ ಆಜ್ಞೆ ಓಡುತ್ತದೆ.

"ಇದನ್ನ ಜರಾ ಸಂಭಾಳಿಸಿ ವಾಪರ್ಸ್ರಿ. ಅದು ಕೇಳೂದಿಲ್ಲ, ಮಾಡೇ ಬಿಡತದ," ಎಂದು ಎಚ್ಚರದಿಂದ ಬಳಸಲೂ ಹೇಳಿದ್ದರು. ವಿದ್ಯೆ ನೆನಪಿಟ್ಟೆ, ಎಚ್ಚರಿಕೆ ಮರೆತೆ.

ಕಂದಲಗಾಂವದಲ್ಲಿ ನಮ್ಮ ಕಾಕು ಇದ್ದಾಳೆ, ಚಿಕ್ಕಪ್ಪನ ಹೆಂಡತಿ. ಬೀಸುವಾಗ ಹಾಡುವ ಹಾಡುಗಳು ಅವಳಿಗೆ ಎಷ್ಟು ಬರುತ್ತವೋ ಅವಳಿಗೇ ಗೊತ್ತಿಲ್ಲ. ಎರಡು ದಿನ ಕೂರಿಸಿ ಮೂವತ್ತು ಹಾಡು ರೆಕಾರ್ಡ್ ಮಾಡಿಕೊಂಡು ಬಂದೆ. ಅವನ್ನು ಕಂಪ್ಯೂಟರಿಗೆ ಹಾಕಿ ರೆಕಾರ್ಡರ್ ಖಾಲಿ ಮಾಡಿದೆ. ಬೇರೆ ಫೋಲ್ಡರಿನಲ್ಲಿದ್ದ ಪ್ರಯೋಗದ ಕಡತಗಳನ್ನು, ಇಲ್ಲಿರುವುದನ್ನೆಲ್ಲ ಅಳಿಸು ಎಂಬ ಆಜ್ಞೆ ಕೊಟ್ಟು ಅಳಿಸಿದೆ. ಆಮೇಲೆ ಹಾಡುಗಳ ಫೋಲ್ಡರಿಗೆ ಬಂದು, ಇನ್ನೊಂದು ಪ್ರತಿ ಇಡೋಣವೆಂದು, ಮೊದಲೇ ಬಳಸಿದ್ದ ನಕಲು ಮಾಡುವ ಆಜ್ಞೆ ಕರೆಯಲು ಆಶ್ಚರ್ಯಚಿಹ್ನೆ, ‘ಆರ್’ ಒತ್ತಿದೆ. ಅಳಿಸುವ ಆಜ್ಞೆಯೂ ‘ಆರ್’ನಿಂದಲೇ ಶುರುವಾಗುತ್ತದೆ ಎಂಬುದು ಹೊಳೆಯುವಷ್ಟರಲ್ಲಿ ಮೂವತ್ತೂ ಹೋಗಿದ್ದವು.

ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ದಿನ ಕಂದಲಗಾಂವಕ್ಕೆ ಹೋಗಿ ತಲೆ ತಗ್ಗಿಸಿ ನಿಂತೆ.

"ಕಾಕು, ನಿನ್ನ ಹಾಡೆಲ್ಲಾ ಅಳಿಸಿಬಿಟ್ಟೀನಿ."

ಕಾಕು ಸೆರಗು ಬಾಯಿಗಿಟ್ಟು ನಗತೊಡಗಿದಳು. "ಛಲೋ ಆತು ಬಿಡೋ! ಹ್ವಾದ ಸಲ ನಾಕು ಹಾಡು ತಪ್ಪಿದ್ದೆ. ನಿನಗ ಹೇಳಾಕ ನಾಚಿಕಿ ಬಂದಿತ್ತು."

ಮತ್ತೆ ಹಾಡಲು ಅಕ್ಕಲಕೋಟದಿಂದ ತನ್ನ ತಂಗಿಯನ್ನೂ ಕರೆಸಿಕೊಂಡಳು. ಒಬ್ಬಳು ಎತ್ತಿಕೊಂಡರೆ ಇನ್ನೊಬ್ಬಳು "ಹಂಗಲ್ಲಕ್ಕ, ಹಿಂಗ" ಎಂದು ತಡೆಯುವಳು. ಜಗಳ, ನಗು, ಚಹಾ, ಮತ್ತೆ ಹಾಡು. ಓಣಿಯ ಹೆಂಗಸರೂ ಬಂದು ಕೂತರು. ಮೂವತ್ತೂ ಮತ್ತೆ ರೆಕಾರ್ಡ್ ಆದವು; ಮರೆತೇಹೋಗಿದ್ದ ಹನ್ನೊಂದು ಹಾಡು ಹೊಸದಾಗಿ ಸಿಕ್ಕವು.

ಈಗ ಅವೆಲ್ಲ ಮೂರು ಕಡೆ ಭದ್ರವಾಗಿವೆ. ಯಾವ ಆಜ್ಞೆಯನ್ನೂ ಮೊದಲು ತೋರಿಸಿ ಆಮೇಲೆ ನಡೆಸು ಎಂದು ಕಂಪ್ಯೂಟರಿಗೂ ಹೇಳಿಟ್ಟಿದ್ದೇನೆ.

ಇಷ್ಟು ಬರೆಯುವಾಗ ಕಾಕುವಿನ ಫೋನು ಬಂತು. "ತಂಗಿ ಬಂದಾಳ. ಮತ್ತೇನರ ಅಳಿಸೀಯೇನೋ?" ದನಿಯಲ್ಲಿ ಆಸೆ ತುಂಬಿತ್ತು.

ಪರದೆ ನೋಡಿದೆ. ಒಂದೂ ಹೋಗಿರಲಿಲ್ಲ.

"ಹೌದು ಕಾಕು, ಒಂದೆರಡು ಹೋಗ್ಯಾವ. ಸಂಜೀಕ ಬರ್ತೀನಿ," ಎಂದೆ.