ಒಂದು ರಿಂಗಿನ ಹಾಜರಿ

ಯಲಹಂಕದ ಹಳೇ ಪೇಟೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ಮಿತಾ ಮೇಡಂ ಅವರ ಆಫೀಸು. ಬಾಣಂತಿ ಇರುವ ಮನೆಗಳಿಗೆ, ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವ ಹೆಂಗಸರನ್ನು ಗೊತ್ತುಮಾಡಿ ಕಳಿಸುವುದು ಅವರ ಕಸುಬು. ಅಲ್ಲಿ ಫೋನಿನ ಮುಂದೆ ಕೂರುವವಳು ರತ್ನಕ್ಕ. ಗಂಡನಿಗೆ ಫ್ಯಾಕ್ಟರಿ ಕೆಲಸ ಸಿಕ್ಕಾಗ ಕೊಪ್ಪಳದ ಕಡೆಯಿಂದ ಬಂದವಳು, ಈಗ ಅಟ್ಟೂರಿನಲ್ಲಿ ವಾಸ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಬಸ್ಸಿಗೆ ಓಡುತ್ತಾಳೆ. ಮಾತು ಕಡಿಮೆ. ಎದುರಿಗಿದ್ದವರು ಹೇಳಿ ಮುಗಿಸುವವರೆಗೆ ಬಾಯಿ ಹಾಕುವವಳಲ್ಲ.

ಆ ಆಫೀಸಿನಲ್ಲೊಂದು ಪದ್ಧತಿ ಇತ್ತು. ಕೆಲಸದ ಮನೆ ತಲುಪಿದವರು ಆಫೀಸಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಬೇಕು. ಮಾತು ಬೇಡ, ಬಾಣಂತಿ ಮಲಗಿರುತ್ತಾಳೆ. ಪರದೆಯ ಮೇಲೆ ಹೆಸರು ಮೂಡಿದರೆ ಹಾಜರಿ ಆಯಿತು. ಮೂಡದಿದ್ದರೆ ಆ ಮನೆಗೆ ಬೇರೆಯವರನ್ನು ಕಳಿಸುವುದು ರತ್ನಕ್ಕನ ಜವಾಬ್ದಾರಿ. ಮನೆಯವರಿಗೆ ಫೋನ್ ಮಾಡಿ ಕೇಳುವ ಹಾಗಿಲ್ಲ. ಕೆಲಸದವರಿಗೆ ಮಾಡಿದರೂ ಪ್ರಯೋಜನವಿಲ್ಲ. ಅಷ್ಟರಲ್ಲಿ ಅವರ ಕೈಯೆಲ್ಲ ಹರಳೆಣ್ಣೆ, ಫೋನು ಚೀಲದ ತಳದಲ್ಲಿ.

ಈಚೆಗೆ ಆಫೀಸಿಗೆ ಇಂಟರ್ನೆಟ್ ಮೂಲಕ ನಡೆಯುವ ಹೊಸ ಫೋನು ಬಂತು. ಬಂದ ದಿನವೇ ಹೆಸರುಗಳೆಲ್ಲ ಮಾಯ. ನಂಬರುಗಳು ದೇಶದ ಕೋಡು ತೊಂಬತ್ತೊಂದನ್ನು ಮುಂದೆ ಅಂಟಿಸಿಕೊಂಡು ಬರುತ್ತಿದ್ದವು. ಫೋನಿನೊಳಗೆ ಸೇರಿಸಿಟ್ಟಿದ್ದು ಬರೀ ಹತ್ತು ಅಂಕಿ, ಹಾಗಾಗಿ ಎರಡೂ ತಾಳೆಯಾಗುತ್ತಿರಲಿಲ್ಲ. ಫೋನು ಜೋಡಿಸಿಕೊಟ್ಟಿದ್ದ ಆರ್.ಟಿ. ನಗರದ ಫೈಜಾನ್ ಮತ್ತೆ ಬಂದ. ಬರುವ ನಂಬರಿನ ಮುಂದೆ ತೊಂಬತ್ತೊಂದು ಕಂಡರೆ ಅದನ್ನು ಕತ್ತರಿಸಿ ತೋರಿಸು ಎಂದು ಫೋನಿನ ಸೆಟ್ಟಿಂಗಿನಲ್ಲಿ ಬರೆದ. ಹೆಸರುಗಳು ವಾಪಸ್ಸು ಬಂದವು.

ಅದಾದ ಮೇಲೆ ಕೆಲಸಕ್ಕೆ ಸೇರಿದವಳು ಅಬ್ಬಿಗೆರೆಯ ಅನೀಸಾ. ಅವಳ ಹತ್ತಿರ ಇದ್ದದ್ದು ಬಟನ್ ಫೋನು. ಆದರೆ ಕೈ ಮಾತ್ರ ಪಳಗಿದ ಕೈ. ಕಾಲು ಚಾಚಿ ಕೂತು ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡರೆ ಅದು ಅಳುವುದನ್ನೇ ಮರೆಯುತ್ತಿತ್ತು. ಇವಳಿಗೆ ನಾನು ಜವಾಬ್ದಾರಿ ಎಂದು ಹೇಳಿ ಕೆಲಸ ಕೊಡಿಸಿದವಳು ರತ್ನಕ್ಕ.

ಮೊದಲ ದಿನ ಅನೀಸಾಳ ಹೆಸರು ಮೂಡಲಿಲ್ಲ. ಹೊಸಬಳು, ಮರೆತಿರಬೇಕು ಎಂದುಕೊಂಡು ರತ್ನಕ್ಕ ಬೇರೆಯವರನ್ನು ಕಳಿಸದೆ, ಸಂಜೆ ಅವಳಿಗೆ ಮೆಲ್ಲಗೆ ಹೇಳಿದಳು. ಮರುದಿನವೂ ಮೂಡಲಿಲ್ಲ. ಕಾದು ಕಾದು ಕೊನೆಗೆ, ಅವತ್ತು ಬಿಡುವಾಗಿದ್ದ ಜಹೀರಾ ಎಂಬುವಳನ್ನು ಆ ಮನೆಗೆ ಅಟ್ಟಿದಳು. ಜಹೀರಾ ಏದುಸಿರು ಬಿಡುತ್ತ ಹೋಗಿ ನೋಡಿದರೆ, ಅನೀಸಾ ಆಗಲೇ ಕೂಸಿಗೆ ನೀರೆರೆದು ಸಾಂಬ್ರಾಣಿ ಹೊಗೆ ಹಾಕುತ್ತಿದ್ದಾಳೆ.

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಜಹೀರಾಳನ್ನು ಮೇಲಿಂದ ಕೆಳಗೆ ನೋಡಿ, "ಇನ್ನೂ ಯಾರಾದ್ರೂ ಬರೋರಿದ್ದಾರಾ? ನಮ್ಮನೇಲಿ ಹುಟ್ಟಿರೋದು ಒಂದೇ ಕೂಸು ಕಣ್ರೀ" ಅಂದರಂತೆ.

ಆ ಮನೆಯವರು ಸ್ಮಿತಾ ಮೇಡಂಗೆ ಫೋನ್ ಮಾಡಿ, ನಿಮ್ಮ ಆಫೀಸಿನಲ್ಲಿ ಯಾರು ಎಲ್ಲಿದ್ದಾರೆ ಅನ್ನುವುದೇ ಗೊತ್ತಿರುವುದಿಲ್ಲವಾ ಎಂದು ಕೇಳಿದರು. ಮೇಡಂ ಕೂಗಾಡುವವರಲ್ಲ. ರತ್ನಕ್ಕನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ನಿಮ್ಮ ಮೇಲೆ ನಂಬಿಕೆ ಇದೆ ರತ್ನಕ್ಕ, ಈ ರಿಂಗಿನ ಮೇಲಿಲ್ಲ. ಒಂದನೇ ತಾರೀಖಿಂದ ಎಲ್ರೂ ಆ್ಯಪ್‌ನಲ್ಲೇ ಹಾಜರಿ ಹಾಕ್ಲಿ. ಸ್ಮಾರ್ಟ್‌ಫೋನ್ ಇಲ್ದೋರಿಗೆ ಇನ್ಮೇಲೆ ಕಷ್ಟ."

ರತ್ನಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸ್ಮಾರ್ಟ್‌ಫೋನ್ ಇಲ್ಲದವಳು ಅನೀಸಾ ಒಬ್ಬಳೇ ಅಲ್ಲ; ವಯಸ್ಸಾದ ಹೆಂಗಸರು ಮುಕ್ಕಾಲು ಪಾಲು ಬಟನ್ ಫೋನಿನವರೇ. ಅವರಿಗೆಲ್ಲ ಕೆಲಸ ಹೋಗುತ್ತದೆ. ಇವತ್ತೊಂದು ದಿನ ಟೈಮ್ ಕೊಡಿ ಎಂದು ಕೇಳಿಕೊಂಡಳು. ಫೈಜಾನ್‌ಗೂ ಬರಲು ಹೇಳಿದಳು.

ಮಧ್ಯಾಹ್ನ ಅನೀಸಾ ಬಂದಳು. ಕಣ್ಣು ಕೆಂಪಗಿತ್ತು. "ಅಲ್ಲಾಣೆ ಅಕ್ಕ, ಎರಡು ದಿನಾನೂ ಚಪ್ಪಲಿ ಬಿಡೋಕೆ ಮುಂಚೆನೇ ರಿಂಗ್ ಕೊಟ್ಟಿದೀನಿ."

ರತ್ನಕ್ಕ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬೆಳಿಗ್ಗೆ ಮನೆ ಬಿಟ್ಟಲ್ಲಿಂದ ಎಲ್ಲ ಹೇಳು ಅಂದಳು. ಅನೀಸಾ ಹೇಳುತ್ತ ಹೋದಳು: ಬಸ್ಸು, ಗೇಟು, ಗೇಟಿನ ಹತ್ತಿರ ಹಾಲಿನವನು ಪ್ಯಾಕೆಟ್ ಇಡುತ್ತಿದ್ದದ್ದು, ಅವನ ಪಕ್ಕದಲ್ಲೇ ನಿಂತು ರಿಂಗ್ ಕೊಟ್ಟದ್ದು. ಹಾಲಿನವನು ಬರುವ ಹೊತ್ತು ಎಂದಾಗ ರತ್ನಕ್ಕನಿಗೆ ಏನೋ ನೆನಪಾಯಿತು. ಅದೇ ಹೊತ್ತಿಗೆ ಎರಡು ದಿನವೂ ಯಾವುದೋ ಲ್ಯಾಂಡ್‌ಲೈನಿನಿಂದ ಒಂದು ರಿಂಗ್ ಬಂದು ನಿಂತಿತ್ತು. ಯಾರೋ ಗಿರಾಕಿ ಇರಬೇಕೆಂದು ಇವಳು ತಿರುಗಿ ಮಾಡಿದರೆ, ಆ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಧ್ವನಿ ಹೇಳಿತ್ತು. ಲ್ಯಾಂಡ್‌ಲೈನಿನಿಂದ ಯಾರಾದರೂ ಮಿಸ್ಡ್ ಕಾಲ್ ಕೊಡುತ್ತಾರೆಯೇ?

ಅಷ್ಟರಲ್ಲಿ ಫೈಜಾನ್ ಹೆಲ್ಮೆಟ್ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದ. ನನ್ನ ಸೆಟ್ಟಿಂಗಿನಲ್ಲಿ ತಪ್ಪಿಲ್ಲ, ಬೇಕಾದರೆ ಬೆಟ್ ಕಟ್ಟುತ್ತೇನೆ ಅಂದ.

"ಬೆಟ್ ಆಮ್ಯಾಲೆ ಕಟ್ಟೀಯಂತಪ್ಪ," ಅಂದಳು ರತ್ನಕ್ಕ. "ಅನೀಸಾ, ಈಗೊಂದು ರಿಂಗ್ ಕೊಡವ್ವಾ."

ಅನೀಸಾ ಒತ್ತಿದಳು. ಫೋನು ಕಿಣಿಕಿಣಿ ಅಂದಿತು. ಪರದೆಯ ಮೇಲೆ ಎಂಟೇ ಅಂಕಿ, ನಲವತ್ತೆಂಟರಿಂದ ಶುರು. ನೋಡಿದರೆ ಅಪ್ಪಟ ಬೆಂಗಳೂರಿನ ಲ್ಯಾಂಡ್‌ಲೈನ್ ನಂಬರು. ಅವಳು ಕಟ್ ಮಾಡಿದ ಕೂಡಲೇ ಸದ್ದೂ ನಿಂತಿತು.

"ಆಪಾ, ನಿಮ್ಮ ನಂಬರ್ ಹೇಳಿ," ಅಂದ ಫೈಜಾನ್.

"ತೊಂಬತ್ತೊಂದು, ನಲವತ್ತೆಂಟು..."

ಅವನು ಮುಂದಿನದು ಕೇಳಲಿಲ್ಲ. ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ತಲೆ ಕೆರೆದುಕೊಂಡ. "ನಿಮ್ಮ ನಂಬರೇ ತೊಂಬತ್ತೊಂದರಿಂದ ಶುರು. ನಿಮ್ಮ ಸಿಮ್ ಕಂಪನಿಯ ಕಾಲ್ ದೇಶದ ಕೋಡ್ ಇಲ್ದೇನೆ ಬರ್ತಿದೆ. ನಾನು ಕೋಡ್ ಅಂದ್ಕೊಂಡು ನಿಮ್ಮ ನಂಬರಿನ ತಲೇನೇ ಹಾರಿಸ್ಬಿಟ್ಟಿದೀನಿ."

"ಬೆಟ್ ಏನಾತಪ್ಪ?" ಅಂದಳು ರತ್ನಕ್ಕ. ಅನೀಸಾ ಅವತ್ತು ಮೊದಲ ಸಲ ನಕ್ಕಳು.

ಒಟ್ಟು ಹನ್ನೆರಡು ಅಂಕಿ ಬಂದರೆ ಮಾತ್ರ ಮುಂದಿನ ಎರಡನ್ನು ಕತ್ತರಿಸು, ಹತ್ತೇ ಬಂದರೆ ಮುಟ್ಟಬೇಡ ಎಂದು ಅವನು ತಿದ್ದಿದ. ಅನೀಸಾ ಮತ್ತೆ ಒತ್ತಿದಳು. ಪರದೆಯ ಮೇಲೆ ಅವಳ ಹೆಸರು ಬಂತು. ರತ್ನಕ್ಕ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡಳು. ಫೈಜಾನ್ ತಾನೇ ಒಳಗೆ ಹೋಗಿ, ತಪ್ಪು ನನ್ನದು ಮೇಡಂ ಎಂದು ಹೇಳಿ ಬಂದ.

ಅವನ ಹಿಂದೆ ರತ್ನಕ್ಕನೂ ಹೋದಳು. ಹೀಗೆ ಕೇಳಿ ಅವಳಿಗೆ ರೂಢಿಯಿಲ್ಲ, ಸೆರಗಿನ ತುದಿ ಹಿಡಿದುಕೊಂಡೇ ಮಾತಾಡಿದಳು. "ಮೇಡಂ, ಆ್ಯಪ್ ಬೇಕಾದ್ರ ತರ್ರಿ. ಆದ್ರ ಬಟನ್ ಫೋನಿನವ್ರಿಗೆ ರಿಂಗ್ ಇರ್ಲಿ. ಅವ್ರು ಬಿಟ್ಟು ಹೋದ್ರ ಅಂಥಾ ಕೈ ಮತ್ತ ಸಿಗೂದಿಲ್ರಿ."

ಮೇಡಂ, ನಾಳೆ ಬೆಳಿಗ್ಗೆ ನಾನೇ ಬಂದು ನೋಡುತ್ತೇನೆ ಅಂದರು.

ಮರುದಿನ ಅವರು ರತ್ನಕ್ಕನ ಕುರ್ಚಿಯ ಹಿಂದೆ ಕಾಫಿ ಲೋಟ ಹಿಡಿದು ನಿಂತರು. ಒಂದೊಂದೇ ರಿಂಗು, ಒಂದೊಂದೇ ಹೆಸರು. ನಡುವೆ ಅನೀಸಾಳದ್ದೂ ಬಂತು, ಹೊತ್ತಿಗೆ ಸರಿಯಾಗಿ. ಕೊನೆಯ ಹೆಸರು ಬರುವವರೆಗೂ ಮೇಡಂ ಕದಲಲಿಲ್ಲ.

"ರಿಂಗೂ ಇರ್ಲಿ, ಆ್ಯಪೂ ಇರ್ಲಿ," ಅಂದರು. "ಅನೀಸಾನ ಸೋಮವಾರದಿಂದ ಹೆಬ್ಬಾಳದ ಮನೆಗೂ ಹಾಕಿ."

ಮಧ್ಯಾಹ್ನ ಸುದ್ದಿ ಕೇಳಿದ ಅನೀಸಾ ಮೊದಲು ನಂಬಲಿಲ್ಲ. ನಂಬಿದ ಮೇಲೆ ಅವಳು ಕೇಳಿದ್ದು, ಹೆಬ್ಬಾಳಕ್ಕೆ ಹೇಗೆ ಹೋಗುವುದು ಅಂತ. ರತ್ನಕ್ಕ ಹತ್ತಿರ ಕೂರಿಸಿಕೊಂಡು, ಎಲ್ಲಿ ಬಸ್ಸು ಬದಲಿಸಬೇಕು, ಫ್ಲೈಓವರಿನ ಯಾವ ಪಕ್ಕ ಇಳಿದರೆ ರಸ್ತೆ ದಾಟುವ ಕಷ್ಟವಿಲ್ಲ ಎಂದು ಹೇಳಿದಳು. ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ಇನ್ನೊಂದು ಸಲ ಹೇಳಿದಳು.