ಅಣ್ಣ ತಂದ ಕಬ್ಬಿಣದ ಸ್ಟ್ಯಾಂಡು

ಯಾರಾದರೂ ಇದ್ದಕ್ಕಿದ್ದಂತೆ ನನ್ನ ಬಗ್ಗೆ ಕಾಳಜಿ ತೋರಿಸಿದರೆ ನನಗೆ ಮೊದಲು ಅನುಮಾನವೇ ಬರುತ್ತದೆ. ಅದರಲ್ಲೂ ನಮ್ಮಣ್ಣ ತೋರಿಸಿದರೆ ಕೇಳಲೇಬೇಡಿ. ಶಿವಾರಪಟ್ಟಣದ ನಮ್ಮ ಶೆಡ್ಡಿನಲ್ಲಿ ನಾವಿಬ್ಬರೂ, ಜೊತೆಗೆ ಮೂರ್ನಾಲ್ಕು ಜನ ಕೆಲಸದವರೂ ವಿಗ್ರಹ ಕೆತ್ತುತ್ತಿದ್ದೆವು. ಒಂದು ದಿನ ನಾನು ನೆಲದಿಂದ ಏಳುವಾಗ ಸೊಂಟ ಹಿಡಿದುಕೊಂಡಿದ್ದೇ ತಡ, ಅಣ್ಣ ಬೈಕಿನಲ್ಲಿ ಕೂರಿಸಿಕೊಂಡು ಮಾಲೂರಿನ ಡಾಕ್ಟರ ಹತ್ತಿರ ಕರೆದೊಯ್ದ. ನನಗೆ ಜ್ವರ ಬಂದರೆ ಬಾಗಿಲಲ್ಲೇ ನಿಂತು "ಕಷಾಯ ಕುಡಿ" ಎಂದು ಹೋಗುತ್ತಿದ್ದ ಮನುಷ್ಯ ಇವನು.

"ಬೆನ್ನು ನೆಟ್ಟಗಿಟ್ಕೊಂಡು ಕೂತ್ಕೊಳ್ಳಿ. ಕಲ್ಲನ್ನ ನಿಮ್ಮ ಎದೆ ಮಟ್ಟಕ್ಕೆ ಎತ್ತಿಟ್ಕೊಳ್ಳಿ, ನೀವು ಅದರ ಮೇಲೆ ಬಗ್ಗಬೇಡಿ" ಎಂದರು ಡಾಕ್ಟರು. ಅಣ್ಣ ನನಗಿಂತ ಜೋರಾಗಿ ತಲೆಯಾಡಿಸಿದ. ಆಮೇಲೆ ನನ್ನನ್ನು ಹೊರಗೆ ಕಳಿಸಿ ತಾನೊಬ್ಬನೇ ಬಹಳ ಹೊತ್ತು ಮಾತಾಡಿದ. ಏನು ಅಂತ ಕೇಳಿದರೆ "ಏನಿಲ್ಲ ಕಣೋ" ಅಂದ.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಕಬ್ಬಿಣದ ಸ್ಟ್ಯಾಂಡು, ಪಕ್ಕದಲ್ಲೊಂದು ಸ್ಟೂಲು. ಬಣ್ಣವೂ ಒಣಗಿತ್ತು. ಅಂದರೆ ಡಾಕ್ಟರು ಬಾಯಿ ಬಿಡುವ ಮೊದಲೇ ಇದು ತಯಾರಾಗಿತ್ತು. ತಲೆಯಲ್ಲಿ ಹುಳ ಹೊಕ್ಕಿತು. ಶ್ರೀನಿವಾಸಪುರದ ಕಡೆಯ ಗುಡಿಯೊಂದಕ್ಕೆ ಆಳೆತ್ತರದ ವೆಂಕಟರಮಣ ಆಗಬೇಕಿತ್ತು. ಮುಖ ಬಿಡಿಸುವ ಕೆಲಸ ಅಪ್ಪ ನನಗೆ ಕೊಟ್ಟಿದ್ದು. ಈ ಸ್ಟ್ಯಾಂಡಿನ ಮೇಲೆ ಕೂರುವುದು ಮೊಳದುದ್ದದ ಗಣೇಶ ಅಷ್ಟೇ. ಸೊಂಟ ಹೋದವನು ಅಂತ ನನ್ನನ್ನು ಮೂಲೆಗೆ ತಳ್ಳಿ, ಸ್ವಾಮಿಯ ಮುಖಕ್ಕೆ ತಾನು ಉಳಿ ಇಡುವ ಹುನ್ನಾರ. ಹಟಕ್ಕೆ ಬಿದ್ದು ನೆಲದ ಮೇಲೇ ಇನ್ನಷ್ಟು ಬಗ್ಗಿ ಕೂತು ಕೆತ್ತಿದೆ. ನೋವು ಕಾಲಿಗೂ ಇಳಿಯಿತು.

ಕೊನೆಗೆ ಒಂದು ಮಧ್ಯಾಹ್ನ, ಕೆಲಸದವರು ಊಟಕ್ಕೆ ಹೋದಾಗ, ಕೇಳಿಯೇಬಿಟ್ಟೆ. "ಮುಖ ನೀನೇ ಬಿಡಿಸ್ಬೇಕು ಅಂತಿದ್ರೆ ನೇರವಾಗಿ ಹೇಳಣ್ಣ. ಡಾಕ್ಟ್ರನ್ನ ಯಾಕೆ ಮಧ್ಯಕ್ಕೆ ತರ್ತೀಯ?"

ಅಣ್ಣ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಲೇ, ಅದು ನಂಗೇ ಮಾಡಿಸ್ಕೊಂಡಿದ್ದು ಕಣೋ. ಕೂತ್ರೆ ಏಳಕ್ಕಾಗಲ್ಲ. ಯುಗಾದಿಯಿಂದ ನೆಲದ ಮೇಲೆ ಕೂತೇ ಇಲ್ಲ. ಡಾಕ್ಟ್ರಿಗೂ ಆವತ್ತು ನನ್ ಸೊಂಟಾನೇ ತೋರಿಸ್ದೆ. ಮೊದ್ಲು ನೀನು ಅದ್ರಲ್ಲಿ ಕೂತ್ರೆ, ಆಮೇಲೆ ನಾನು ಕೂತ್ರೂ ಯಾರೂ ನಗಲ್ಲ ಅಂದ್ಕೊಂಡೆ."

ಇಷ್ಟು ದಿನ ಅವನು ನಿಂತಲ್ಲೇ "ಅಲ್ಲಿ ತೆಗಿ, ಇಲ್ಲಿ ತೆಗಿ" ಅನ್ನುತ್ತಿದ್ದುದನ್ನು ನಾನು ಯಜಮಾನಿಕೆ ಅಂದುಕೊಂಡು ಬೈದುಕೊಂಡಿದ್ದೆ.

ಕೆಲಸದವರು ಊಟ ಮುಗಿಸಿ ಬಂದರು. ನಾನು ಸ್ಟೂಲು ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಚಿಕ್ಕ ಕಲ್ಲೊಂದನ್ನು ಎದುರಿಗಿಟ್ಟು ಕೂತೆ. ಎಲ್ಲರಿಗೂ ಕೇಳಲಿ ಅಂತಲೇ ದನಿ ಎತ್ತರಿಸಿ ಹೇಳಿದೆ: "ಒಳ್ಳೆ ಸುಖವಾಗಿದೆ ಕಣಣ್ಣ. ನೀನೂ ಒಂದ್ಸಲ ಕೂತು ನೋಡು."