ದಾರ ಸುಡುತ್ತಿದ್ದ ಅಕ್ಕ

ನಮ್ಮಕ್ಕ ಸುಶೀಲ ಹೊಲಿಗೆಗೆ ಕೂರುವ ಮುಂಚೆ ದಾರ ಸುಡುತ್ತಿದ್ದಳು. ಹೊಸ ರೀಲು ಬಿಚ್ಚಿ, ಗೇಣುದ್ದ ಕತ್ತರಿಸಿ, ಬೆಂಕಿಕಡ್ಡಿ ಗೀರಿ ತುದಿಗೆ ಹಿಡಿಯುವಳು. ಮಾಮೂಲಿ ದಾರವಾದರೆ ಕರಗಿ ತುದಿಯಲ್ಲಿ ಸಾಸಿವೆಯಂಥ ಗುಂಡು ಕಟ್ಟುತ್ತದೆ. ಬೆಂಕಿ ತಡೆಯುವ ದಾರ ಕರಗುವುದಿಲ್ಲ, ಕಪ್ಪಗಾಗಿ ನಿಂತುಬಿಡುತ್ತದೆ. ಅದನ್ನು ಎರಡು ಬೆರಳ ನಡುವೆ ಉಜ್ಜಿ, "ಹ್ಞೂಂ, ಇದು ಆಗುತ್ತೆ" ಎಂದ ಮೇಲೇ ಮಿಷನ್ನಿಗೆ ಪೋಣಿಸುವುದು. ಅವಳ ಬೆರಳ ತುದಿ ಯಾವಾಗಲೂ ಕರ್ರಗಿರುತ್ತಿತ್ತು. ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಗೆ ಬಂದವರು, "ಏನ್ರೀ, ಒಲೆ ಮೇಲೆ ಏನೋ ಸೀದೋಗ್ತಿದೆ" ಅನ್ನುತ್ತಿದ್ದರು. ಅಕ್ಕ ತಲೆ ಎತ್ತದೆ, "ಸೀಯುತ್ತೋ ಇಲ್ವೋ ಅಂತಾನೇ ನೋಡ್ತಿದೀನಿ, ಕೂತ್ಕೊಳಿ" ಅನ್ನುವಳು.

ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಏಳನೇ ಕ್ಲಾಸಿನಲ್ಲಿ ಫೇಲಾಗಿ ಶಾಲೆ ಬಿಟ್ಟಾಗ ಬೈಯಲಿಲ್ಲ. "ಅಕ್ಷರ ನಿನಗೆ ಆಗಿಬರ್ಲಿಲ್ಲ. ಸೂಜಿ ಆಗಿಬರುತ್ತಾ ನೋಡೋಣ" ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ಮದುವೆಯ ಮಾತು ಬಂದರೆ, "ಇವನು ಹೊಲಿಯೋ ಜಿಪ್ಪು ನೆಟ್ಟಗಾಗ್ಲಿ, ಆಮೇಲೆ ನೋಡಣ" ಎಂದು ನನ್ನ ಮೇಲೆ ಹಾಕುವಳು. ನನಗೆ ಇಪ್ಪತ್ತೈದು ದಾಟಿದ ಮೇಲೂ ಅವಳ ಪಾಲಿಗೆ ನಾನು ಜಿಪ್ಪು ಕೂರಿಸುವವನೇ. ಮುಖ್ಯ ಹೊಲಿಗೆಗಳನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ.

ಮೊದಲು ಸ್ಕೂಲ್ ಯೂನಿಫಾರಂ ಹೊಲಿಯುತ್ತಿದ್ದೆವು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅಕ್ಕಿಪೇಟೆಯ ಒಬ್ಬ ಗುತ್ತಿಗೆದಾರ ಹೆಲಿಕಾಪ್ಟರ್ ಕಲಿಯುವ ಮಿಲಿಟರಿ ಹುಡುಗರ ಉಡುಪು ತಂದುಕೊಟ್ಟ. ಕುತ್ತಿಗೆಯಿಂದ ಕಾಲಗಂಟಿನವರೆಗೆ ಒಂದೇ ಉಡುಪು, ಹಸಿರು ಬಣ್ಣ. ಹಳೆಯದು ಬರೀ ಕಾಟನ್. ಇದು ಬೆಂಕಿಗೆ ಹತ್ತದ ಬಟ್ಟೆ. ದಾರವೂ ಅಂಥದ್ದೇ, ಅವನೇ ಅಳೆದು ಕೊಡುತ್ತಿದ್ದ.

ಮೊದಲ ಉಡುಪು ತಯಾರಾದಾಗ ಅಳತೆ ನೋಡಲು ಒಬ್ಬ ಆಫೀಸರ್ ಬಂದರು. ಶಂಕರಪುರಂನಲ್ಲೇ ಮನೆ, ಆ ಹುಡುಗರಿಗೆ ಹಾರಿಸುವುದನ್ನು ಕಲಿಸುವವರು. ಕಲಿಸುವವರೆಂದು ಗೊತ್ತಾದದ್ದೇ ಅಕ್ಕ ಅವರನ್ನು "ಮೇಷ್ಟ್ರೇ" ಎಂದು ಕರೆಯತೊಡಗಿದಳು. ಅವರಿಗೂ ಅದು ಹಿಡಿಸಿತು. ಉಡುಪು ತೊಟ್ಟು ಕನ್ನಡಿ ಮುಂದೆ ನಿಂತು, "ಚೆನ್ನಾಗಿದೆಯಮ್ಮ" ಅಂದರು.

"ನಿಂತ್ಕೊಂಡು ಹಾರಿಸ್ತೀರಾ ಮೇಷ್ಟ್ರೇ? ಕೂತ್ಕೊಳಿ. ಅಲ್ಲಿ ಹೆಂಗೆ ಕೂರ್ತೀರೋ ಹಂಗೇ."

ಅವರು ಸ್ಟೂಲಿನ ಮೇಲೆ ಕೂತರು. ಎಡಗೈಯಲ್ಲಿ ಒಂದು ಲಿವರ್ ಹಿಡಿಯಬೇಕು ಅಂದಾಗ ಅಕ್ಕ ಛತ್ರಿ ಕೊಟ್ಟಳು. ಮಂಡಿಗಳ ನಡುವೆ ಇನ್ನೊಂದು ಹಿಡಿ ಇರುತ್ತದೆ ಅಂದಾಗ ಲಟ್ಟಣಿಗೆ ಕೊಟ್ಟಳು. ಮೇಷ್ಟ್ರು ಗಂಭೀರವಾಗಿ ನಮ್ಮ ನಡುಮನೆಯಲ್ಲಿ ಹೆಲಿಕಾಪ್ಟರ್ ಹಾರಿಸಿದರು. ನಾನು ನಕ್ಕೆ. ಅಕ್ಕ ನಗಲಿಲ್ಲ. ಕೆಳಗೆ ಕೂತು ತೊಡೆಯ ಒಳಭಾಗದ ಹೊಲಿಗೆ ನೋಡುತ್ತಿದ್ದಳು.

"ಕೂತ್ರೆ ಎಲ್ಲಾ ಇಲ್ಲೇ ಎಳೆಯುತ್ತೆ. ಇಲ್ಲಿ ಎರಡು ಸಾಲು ಹಾಕ್ತೀನಿ."

ಹೊಸ ಬಟ್ಟೆ ಬಂತಲ್ಲ, ಹೊಸ ಹೆಲಿಕಾಪ್ಟರ್ ಯಾವಾಗ ಎಂದು ನಾನು ಕೇಳಿದೆ. ಮೇಷ್ಟ್ರು ಲಟ್ಟಣಿಗೆ ಕೆಳಗಿಟ್ಟರು. "ನಾನು ಕಲಿತಿದ್ದೂ ಆ ಹಳೇದ್ರಲ್ಲೇ, ಈಗ ಕಲಿಸ್ತಿರೋದೂ ಅದರಲ್ಲೇ. ಬದಲಾಯಿಸ್ತೀವಿ ಅಂತ ಮೇಲಿನವರು ಹೇಳ್ತಾನೇ ಇದಾರೆ. ಸದ್ಯಕ್ಕೆ ಬಟ್ಟೆ ಬದಲಾಯಿಸ್ತಿದಾರೆ."

ಅವರು ಹೋದ ಮೇಲೆ ಅಕ್ಕ ಅಂದಳು: "ಗಾಡಿ ಹಳೇದು ಅಂತ ಮೇಲಿನವರಿಗೂ ಗೊತ್ತು ಕಣೋ. ಅದಕ್ಕೇ ಬಟ್ಟೆ ಕೊಡ್ತಿರೋದು. ಬಟ್ಟೆಯಾದ್ರೂ ಸರಿಯಾಗಿರಬೇಕಲ್ವಾ?"

ಆ ಕೆಲಸದ ನಡುವೆ ಮೈಸೂರಿನಲ್ಲಿ ಚಿಕ್ಕಮ್ಮನಿಗೆ ಆಪರೇಷನ್ ಆಯಿತು. ಅಕ್ಕ ಹೋಗಲೇಬೇಕಿತ್ತು. ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು, ಮೊದಲ ಸಲ, "ಉಳಿದ ಕಾಲುಗಳನ್ನ ನೀನೇ ಮುಗಿಸು, ನಿನ್ನ ಕೈಲಾಗುತ್ತೆ" ಅಂದಳು.

ನನ್ನ ಕೈಲಾಗಲಿಲ್ಲ. ಆ ಬಟ್ಟೆ ಜಾರುತ್ತಿತ್ತು. ಎರಡು ಸಾಲು ಒಂದಕ್ಕೊಂದು ಸೇರಿಕೊಳ್ಳುತ್ತಿತ್ತು. ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಬಿಚ್ಚಿದ ದಾರ ಕಾಲಡಿ ರಾಶಿ ಬಿತ್ತು. ಕೈ ಪಳಗುವ ಹೊತ್ತಿಗೆ ದಾರ ಮುಗಿದಿತ್ತು. ಗುತ್ತಿಗೆದಾರನ ಹತ್ತಿರ ಹೋಗಿ ಕೇಳಿದ್ದರೆ ಕೊಡುತ್ತಿದ್ದ. ಆದರೆ ಅಕ್ಕನಿಗೆ ಹೇಳುತ್ತಿದ್ದ. ನಾನು ಚಿಕ್ಕಪೇಟೆಗೆ ಹೋಗಿ ಅದೇ ಹಸಿರಿನ ಮಾಮೂಲಿ ದಾರ ತಂದೆ. ಪಕ್ಕಪಕ್ಕ ಇಟ್ಟರೂ ಬೇರೆ ಅನ್ನಿಸುತ್ತಿರಲಿಲ್ಲ. ಉಳಿದದ್ದನ್ನು ಅದರಲ್ಲೇ ಮುಗಿಸಿದೆ. ಬೆಂಕಿ ಬೀಳುತ್ತದೆ ಎಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಲೇ ಇಲ್ಲ. ಅಕ್ಕ ಏನನ್ನುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು.

ಅಕ್ಕ ಬಂದು ಹೊಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿದಳು. ಗಟ್ಟಿಯಾಗಿತ್ತು. ಸುಟ್ಟು ನೋಡುವುದು ಹೊಸ ರೀಲನ್ನು ಮಾತ್ರ, ಹೊಲಿದದ್ದನ್ನಲ್ಲ. "ಪರವಾಗಿಲ್ವೇ, ಕೈ ಕೂತಿದೆ" ಎಂದು ಬೆನ್ನು ತಟ್ಟಿದಳು. ಆ ದಿನ ಪಾಯಸ ಮಾಡಿದಳು. ತಟ್ಟೆಯ ಮುಂದೆ ಕೂತು ಹೇಳಿಬಿಡೋಣ ಅಂದುಕೊಂಡೆ. ಇನ್ನೊಂದು ಸೌಟು ಬಡಿಸಿದಳು. ತಿಂದೆ.

ಕೆಲವು ತಿಂಗಳ ಮೇಲೆ ಮೇಷ್ಟ್ರು ಒಂದು ಚೀಲ ಹಿಡಿದು ಬಂದರು. ಕೂರಲಿಲ್ಲ. ಕಲಿಯುತ್ತಿದ್ದ ಹುಡುಗನೊಬ್ಬ ಇಳಿಸುವಾಗ ಇಂಜಿನ್ ಕೈಕೊಟ್ಟು, ಹೆಲಿಕಾಪ್ಟರ್ ನೆಲಕ್ಕೆ ಬಡಿದು ಹೊತ್ತಿಕೊಂಡಿತ್ತು. ಹುಡುಗನನ್ನು ಎಳೆದು ಹಾಕಿದ್ದರು. ಬದುಕಿದ್ದ. ಚೀಲದಿಂದ ಉಡುಪಿನ ಒಂದು ಕಾಲನ್ನು ತೆಗೆದು ಮಿಷನ್ ಮೇಲೆ ಹಾಸಿದರು. ಬಟ್ಟೆ ಕಪ್ಪಾಗಿತ್ತು, ಆದರೆ ಸುಟ್ಟು ತೂತಾಗಿರಲಿಲ್ಲ. ತೊಡೆಯ ಒಳಗಿನ ಹೊಲಿಗೆ ಮೇಲಿನಿಂದ ಕೆಳಗಿನವರೆಗೂ ಬಾಯಿ ಬಿಟ್ಟಿತ್ತು.

"ಬಟ್ಟೆ ತಡೆದಿದೆ, ಸುಶೀಲಮ್ಮ. ಹೊಲಿಗೆ ಬಿಟ್ಕೊಂಡು ಬೆಂಕಿ ಒಳಗೆ ಹೋಗಿದೆ. ಕರಗಿದ ದಾರ ಚರ್ಮಕ್ಕೆ ಅಂಟ್ಕೊಂಡಿತ್ತಂತೆ. ಎರಡೂ ಕಾಲು. ಇನ್ನು ಹಾರಿಸೋಕಾಗಲ್ಲ."

ಅಕ್ಕ ಅಂಚಿನ ಮೇಲೆ ಬೆರಳಾಡಿಸಿದಳು. ಅಲ್ಲಲ್ಲಿ ಗಟ್ಟಿ ಗುಂಡುಗಳಿದ್ದವು. ಒಂದನ್ನು ಉಗುರಿನಿಂದ ಕಿತ್ತು ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಯಾವ ದಾರ ಹಾಕ್ದೆ?"

"ನೀನು ಕೊಟ್ಟಿದ್ದೇ."

"ಎಷ್ಟು ಬಟ್ಟೆಗೆ ಹಾಕ್ದೆ, ಅದನ್ನಾದ್ರೂ ಹೇಳು."

"ನೀನು ಕೊಟ್ಟಿದ್ದೇ ಅಂದ್ನಲ್ಲ."

ಇನ್ನೊಂದು ಸಲ ಕೇಳುತ್ತಾಳೆಂದು ಕಾದೆ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಇವತ್ತಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದೂ ಸುಳ್ಳಿರಬಹುದು. ಅಕ್ಕ ಮೇಷ್ಟ್ರ ಕಡೆ ತಿರುಗಿ, "ನಂದೇ ತಪ್ಪು. ನೋಡ್ದೇ ಹಾಕ್ಬಿಟ್ಟಿದೀನಿ. ಯಾವ್ಯಾವುದಕ್ಕೆ ಅಂತ ಗೊತ್ತಿಲ್ಲ. ನಮ್ಮನೆಯಿಂದ ಹೋಗಿರೋದನ್ನೆಲ್ಲಾ ವಾಪಸ್ ತರಿಸಿ, ಒಂದನ್ನೂ ಬಿಡಬೇಡಿ" ಅಂದಳು. ಮೇಷ್ಟ್ರು ನನ್ನ ಮುಖ ನೋಡಿದರು. ಆಮೇಲೆ ಆ ತುಂಡನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದರು.

ಹಾಳಾಗಿದ್ದು ಕೆಲವು ಮಾತ್ರ. ನಾನು ಬಾಯಿಬಿಡದ್ದಕ್ಕೆ ಒಳ್ಳೆಯವೂ ವಾಪಸ್ ಬಂದವು. ಬೇರೆ ಕಡೆ ಹೊಸದಾಗಿ ಹೊಲಿಸಿ ತರುವವರೆಗೆ ಆ ಹುಡುಗರು ಹಳೆಯ ಕಾಟನ್ ಬಟ್ಟೆ ತೊಟ್ಟು, ಅವೇ ಹಳೆಯ ಹೆಲಿಕಾಪ್ಟರ್ ಹಾರಿಸಿದರು. ಇದನ್ನು ಗುತ್ತಿಗೆದಾರ ನಮ್ಮ ಬಾಗಿಲಲ್ಲೇ ನಿಂತು ಅಕ್ಕನ ಮುಖಕ್ಕೆ ಹೇಳಿ ಹೋದ. ನಾನು ಒಳಗಿದ್ದೆ.

ಅಕ್ಕ ಮಿಷನ್ನಿನ ಬೆಲ್ಟು ಕಳಚಿಟ್ಟಳು. ಮತ್ತೆ ಹೊಲಿಯಲಿಲ್ಲ, ಪಕ್ಕದ ಮನೆಯವರ ಬ್ಲೌಸಿಗೆ ಗುಂಡಿಯನ್ನೂ ಹಾಕಿಕೊಡಲಿಲ್ಲ. ಕಲ್ಯಾಣಮಂಟಪಗಳಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಹೋದಳು. ಒಂದೆರಡು ಸಲ ಮಿಲಿಟರಿ ಆಸ್ಪತ್ರೆಗೂ ಹೋಗಿದ್ದಳಂತೆ. ಆ ಹುಡುಗನಿಗೆ ನೀವು ಏನಾಗಬೇಕು ಎಂದು ಗೇಟಿನಲ್ಲಿ ಕೇಳಿದಾಗ ಹಾಗೇ ವಾಪಸ್ ಬಂದಳಂತೆ. ನನ್ನ ಜೊತೆ ಮಾತು ಬಿಡಲಿಲ್ಲ. ಊಟಕ್ಕೆ ಬಾ, ಹಾಲು ತಗೊಂಡ್ ಬಾ, ಎಲ್ಲ ಇತ್ತು. ತಮಾಷೆ ಮಾತ್ರ ನಿಂತುಹೋಯಿತು. ನನ್ನ ಜಿಪ್ಪನ್ನು ಆಡಿಕೊಳ್ಳುವವರು ಇಲ್ಲದಂತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೆಲವು ವರ್ಷ ಹೀಗೇ ಕಳೆಯಿತು. ಕಿಡ್ನಿ ಕೈಕೊಟ್ಟು ಆಸ್ಪತ್ರೆ ಸೇರಿದಳು. ಒಂದು ಬೆಳಿಗ್ಗೆ ಗಂಜಿ ತಗೊಂಡು ಹೋದೆ. ಪಕ್ಕದ ಹಾಸಿಗೆ ಖಾಲಿಯಿತ್ತು. ಇವತ್ತು ಹೇಳದಿದ್ದರೆ ಇನ್ನಿಲ್ಲ ಅನ್ನಿಸಿತು. "ಅಕ್ಕ, ಆ ದಾರ..." ಎಂದೆ.

ಅವಳು ಕೈ ಎತ್ತಿ ತಡೆದಳು.

"ಹೇಳ್ಬೇಡ ಕಣೋ. ಹೇಳಿದ್ರೆ ನಾನು 'ಹೋಗ್ಲಿ ಬಿಡು' ಅಂದುಬಿಡ್ತೀನಿ. ನೀನು ನನ್ನ ತಮ್ಮ, ಅನ್ನದೇ ಇರೋಕೆ ನನ್ನ ಕೈಲಾಗಲ್ಲ. ಆದ್ರೆ ಸುಟ್ಟಿದ್ದು ನನ್ನ ಕಾಲಲ್ಲವಲ್ಲೋ. ನಾನು ಹೆಂಗೆ ಅನ್ಲಿ?"

ಗಂಜಿ ಬೇಡ ಅಂದಳು. ಗೋಡೆ ಕಡೆ ತಿರುಗಿ ಮಲಗಿದಳು. ಸಂಜೆ ಹೋಗುವಷ್ಟರಲ್ಲಿ ಪ್ರಜ್ಞೆ ತಪ್ಪಿತ್ತು. ಮತ್ತೆ ಕಣ್ಣು ಬಿಡಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಶಂಕರಪುರಂಗೆ ಹೋದೆ. ಮೇಷ್ಟ್ರ ಮನೆ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅವರು ಯಾವ ಊರಿಗೆ ಹೋದರೋ ಯಾರಿಗೂ ಗೊತ್ತಿರಲಿಲ್ಲ. ಕಾವಲಿನವನು, "ಯಾರನ್ನ ಹುಡುಕ್ತಿದೀರಾ ಸಾರ್? ಹೆಸರು ಹೇಳಿ, ಯಾರನ್ನಾದ್ರೂ ಕೇಳ್ತೀನಿ" ಅಂದ.

ನನಗೆ ಬೇಕಾಗಿದ್ದದ್ದು ಮೇಷ್ಟ್ರಲ್ಲ, ಆ ಹುಡುಗ. ಅವನ ಹೆಸರನ್ನು ನಾನು ಯಾವತ್ತೂ ಕೇಳಿರಲಿಲ್ಲ.